ಕರಿಖಾರದ ಅಜ್ಜಿ

ಯಶೋಧರಾ ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಸುಳ್ಳು ಹೇಳುವುದು ಅವಳಿಗೆ ಒಗ್ಗಿದ್ದಲ್ಲ. ರಜೆ ಚೀಟಿಯಲ್ಲಿ ಜ್ವರ ಎಂದು ಬರೆಯುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿಕೊಳ್ಳುವ ಹೆಂಗಸು ಅವಳು. ಅಂಥವಳ ಹೆಸರಿನಲ್ಲಿ ಕಳೆದ ವರ್ಷ ಮೂರು ತಾಲೂಕುಗಳ ತುಂಬ ಒಂದು ಸುಳ್ಳು ಓಡಾಡಿತು. ವಿಚಿತ್ರವೆಂದರೆ, ಅದಕ್ಕಾಗಿ ಅವಳು ಒಂದೇ ಒಂದು ಸುಳ್ಳು ಮಾತನ್ನೂ ಆಡಿರಲಿಲ್ಲ.

ಎಲ್ಲ ಶುರುವಾದದ್ದು ಬೇಸಿಗೆ ರಜೆಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೆಜ್ಜೆ ಇಡುವಂತಿರಲಿಲ್ಲ. ಫೋನು ನೋಡುತ್ತ ಮಲಗಿದ್ದ ಯಶೋಧರಾಗೆ ಮೆಕ್ಸಿಕೋದ ಯಾವುದೋ ಹಳ್ಳಿಯ ಒಬ್ಬ ಮುದುಕಿ ಸಿಕ್ಕಳು. ಎರಡು ಬಿಳಿ ಜಡೆ, ಹೊಗೆಯ ಒಲೆ, ಮೂರು ಕಾಲಿನ ಒಂದು ಇಳಿಜಾರು ಕಲ್ಲು. ಮುದುಕಿ ಮೊಣಕಾಲೂರಿ ಕುಳಿತು ಕೆಂಪು ಮೆಣಸಿನಕಾಯಿ ಅರೆಯುತ್ತ ಏನೋ ಹೇಳುತ್ತಿದ್ದಳು. ಭಾಷೆ ಒಂದಕ್ಷರ ತಿಳಿಯಲಿಲ್ಲ, ಆದರೆ ಕೈ ಮಾಡುವ ಕೆಲಸ ಪೂರ್ತಿ ತಿಳಿಯಿತು. ಯಶೋಧರಾ ಒಂದು ವಿಡಿಯೋ ಮುಗಿಸಿ ಇನ್ನೊಂದು ನೋಡಿದಳು. ವಾರದೊಳಗೆ ಆ ಮುದುಕಿ ಮನೆಯವಳೇ ಆಗಿಬಿಟ್ಟಳು.

ಮೊದಲು ಮಾಡಿದ್ದು ಒಂದು ಕೆಂಪು ಸಾಸು. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ನಿಂಬೆಹಣ್ಣು ಹಿಂಡಿ, ತಾಯಿಯ ತಟ್ಟೆಗೆ ಹಾಕಿದಳು. ತಾಯಿ ರಮಾಬಾಯಿ ಎರಡು ವರ್ಷದಿಂದ ಮಗಳ ಮನೆಯಲ್ಲೇ ಇದ್ದಳು. ಅದಕ್ಕೆ ಮೊದಲಿನ ಐವತ್ತು ವರ್ಷ ಆಳಂದ ತಾಲೂಕಿನ ನಿಂಬರ್ಗಾದ ಹೊಲಗಳಲ್ಲಿ ತೊಗರಿ ಕೊಯ್ದವಳು. ರೊಟ್ಟಿ ಮುರಿದು ಅದ್ದಿಕೊಂಡು ತಿಂದು, ಸ್ವಲ್ಪ ಹೊತ್ತು ಯೋಚಿಸಿದಳು.

"ಇದಕ್ಕ ಟಮಾಟಿ ಚಟ್ನಿ ಅಂತಾರಬೇ," ಎಂದಳು. "ಇದನ್ನ ಕಲಿಲಿಕ್ಕ ಎರಡು ತಾಸು ಫೋನ್ ಹಿಡಕೊಂಡು ಕುಂತಿದ್ದಿ?"

"ಇದು ಸಾಲ್ಸಾ, ಅವ್ವ."

"ಆಗಲಿ. ಸಾಲ್ಸಾ ಚಲೋ ಆಗ್ಯದ. ಉಪ್ಪು ಜರಾ ಕಮ್ಮಿ."

ಮುಂದಿನ ವಾರ ಜೋಳದ ರೊಟ್ಟಿಯೊಳಗೆ ಕಾಳು, ಉಳ್ಳಾಗಡ್ಡಿ, ಸಾಸು ತುಂಬಿ ಮಡಚಿದಳು. ರೊಟ್ಟಿ ಮಡಚಿದಲ್ಲೇ ಮುರಿಯಿತು. ಗಂಡ ದಿಲೀಪ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಅಂಗಿಯ ಮೇಲೆ ಬಿದ್ದ ಸಾಸನ್ನು ಒರೆಸಿಕೊಳ್ಳುತ್ತ, ಊಟ ಮಾಡುವಾಗ ಕೂಡ ದುರಸ್ತಿ ಕೆಲಸ ಬಂತಲ್ಲ ಎಂದ. ಆದರೆ ಮುರಿದದ್ದನ್ನೆಲ್ಲ ಹೆಕ್ಕಿ ತಿಂದ.

ಮೂರನೆಯ ಸಲ ಅವಳು ಕೈಹಾಕಿದ್ದು ಕಪ್ಪು ಸಾಸಿಗೆ. ಆ ದೇಶದಲ್ಲಿ ಮದುವೆಗೆ, ದೊಡ್ಡ ಹಬ್ಬಕ್ಕೆ ಮಾಡುವುದಂತೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ. ಎರಡನ್ನೂ ಹೆಂಚಿನ ಮೇಲೆ ಹುರಿಯತೊಡಗಿದಾಗ ಓಣಿಯ ಎರಡೂ ತುದಿಯವರು ಕೆಮ್ಮಿದರು. ಪಕ್ಕದ ಮನೆಯ ಚಾಂದಬೀ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ಯಾರಿಗೆ ದೃಷ್ಟಿ ತೆಗಿಯಾಕತ್ತೀರಿ ಎಂದು ಕೇಳಿದಳು. ಎಳ್ಳು, ಶೇಂಗಾ, ಒಣದ್ರಾಕ್ಷಿ, ದಾಲ್ಚಿನ್ನಿ, ಲವಂಗ, ಸುಟ್ಟ ಉಳ್ಳಾಗಡ್ಡಿ, ಎಣ್ಣೆಯಲ್ಲಿ ಕರಿದ ಒಣ ರೊಟ್ಟಿಯ ಚೂರು. ಒಂದೊಂದನ್ನೂ ಬೇರೆಬೇರೆ ಹುರಿದು ಒಟ್ಟಿಗೆ ಅರೆದು, ಮತ್ತೆ ಎಣ್ಣೆಯಲ್ಲಿ ಕೈಯಾಡಿಸುತ್ತ ನಿಂತಳು. ಕೊನೆಗೆ ಅವಳು ಚಾಕಲೇಟಿನ ಕಾಗದ ಬಿಚ್ಚಿದಾಗ ರಮಾಬಾಯಿ ಎದ್ದು ನಿಂತಳು.

"ಖಾರದಾಗ ಚಾಕ್ಲೇಟ್ ಹಾಕ್ತಾರೇನು?"

"ಅಲ್ಲಿ ಹಾಕ್ತಾರ."

"ಅಲ್ಲಿ ಹಾಕಲಿ. ಇದು ಅಫಜಲಪುರ."

ಚಾಕಲೇಟು ಬಿತ್ತು. ದಿಲೀಪ ಪಾತ್ರೆಯೊಳಗೆ ಇಣುಕಿ, ಟ್ರಾನ್ಸ್‌ಫಾರ್ಮರಿನ ಎಣ್ಣೆ ಹೀಗೇ ಇರುತ್ತದೆ ಎಂದ. ಆದರೆ ಆ ದಿನ ಕೋಳಿಯ ಜೊತೆ ಅದನ್ನು ಉಂಡವರು ಯಾರೂ ಬೇಗ ಏಳಲಿಲ್ಲ. ಮೊದಲು ಸಿಹಿಯೋ ಕಹಿಯೋ ತಿಳಿಯದ ಒಂದು ರುಚಿ ನಾಲಿಗೆಗೆ ಹತ್ತುತ್ತಿತ್ತು, ಆಮೇಲೆ ಎಳ್ಳು, ಅದರ ಹಿಂದೆ ಹೊಗೆ. ಖಾರ ಮಾತ್ರ ತಡವಾಗಿ, ಇನ್ನು ಬರುವುದಿಲ್ಲ ಎಂದುಕೊಂಡ ಹೊತ್ತಿಗೆ, ಗಂಟಲಿನ ಕೆಳಗಿನಿಂದ ಏರಿ ಬರುತ್ತಿತ್ತು. ರಮಾಬಾಯಿ ಬೆರಳು ಚೀಪಿದಳು. ಉಪ್ಪು ಕಮ್ಮಿ ಎನ್ನದೆ ಇನ್ನೊಂದು ರೊಟ್ಟಿ ಮುರಿದಳು.

ಶಾಲೆ ಶುರುವಾದ ಮೇಲೆ ಯಶೋಧರಾ ಆ ಸಾಸನ್ನು ಡಬ್ಬಿಯಲ್ಲಿ ಒಯ್ದು ಗೆಳತಿ ವಜೀರುನ್ನಿಸಾಳಿಗೆ ಕೊಟ್ಟಳು. ವಜೀರುನ್ನಿಸಾ ಅದೇ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದಳು. ಯಾವುದನ್ನೂ ಸುಮ್ಮನೆ ಬಿಡುವ ಜಾಯಮಾನ ಅವಳದಲ್ಲ. ಎರಡು ತುತ್ತು ತಿಂದವಳೇ ಕೈತೊಳೆದು ಬಂದು, ಒಂದು ಫಾರಂ ಮೇಜಿನ ಮೇಲೆ ಇಟ್ಟಳು. ಭೀಮಾತೀರ ಪರಂಪರೆ ಬಳಗ ಎಂಬ ಸಂಸ್ಥೆಯವರು ಆ ವರ್ಷದ ಅಡುಗೆ ಸ್ಪರ್ಧೆಯನ್ನು ಅಫಜಲಪುರದಲ್ಲಿ ಇಟ್ಟುಕೊಂಡಿದ್ದರು.

"ಸಿಹಿ ವಿಭಾಗ ತುಂಬ್ಯದ. ಖಾರದ ವಿಭಾಗನೂ ತುಂಬ್ಯದ," ಎಂದಳು ವಜೀರುನ್ನಿಸಾ. "ಮರೆತ ಅಡಗಿ ಅನ್ನೋದರಾಗ ಅಷ್ಟೇ ಜಾಗ ಖಾಲಿ ಅದ. ಅದಕ್ಕೇ ಹಾಕೋಣು."

"ಇದು ಮರೆತ ಅಡಗಿ ಅಲ್ಲಲ್ಲ."

"ಇಲ್ಲಿ ಯಾರರೇ ಮಾಡ್ತಾರೇನು?"

"ಇಲ್ಲ."

"ಯಾರಿಗರೇ ನೆನಪದೇನು?"

"ಹೆಂಗ ಇರ್ತದ?"

"ಮತ್ತ? ಮರತಂಗೇ ಆತಲ್ಲ."

ಹೆಸರಿನದೊಂದು ತೊಡಕು ಬಂತು. ಆ ದೇಶದಲ್ಲಿ ಅದಕ್ಕಿರುವ ಹೆಸರನ್ನು ಕನ್ನಡದಲ್ಲಿ ಬರೆಯಹೋದರೆ, ಒಂದು ದೀರ್ಘ ತಪ್ಪಿದರೂ ಹೆಂಗಸಿನ ಎದೆಗೆ ಹೇಳುವ, ಹೈಸ್ಕೂಲು ಶಿಕ್ಷಕಿಗೆ ಶೋಭಿಸದ ಶಬ್ದವಾಗುತ್ತಿತ್ತು. ಮೈಕಿನಲ್ಲಿ ಅದನ್ನು ಓದುವವರ ನಾಲಿಗೆಯ ಮೇಲೆ ಯಶೋಧರಾಗೆ ಭರವಸೆ ಇರಲಿಲ್ಲ. ಕಪ್ಪಗಿದೆ, ಖಾರವಾಗಿದೆ ಎಂದು "ಕರಿಖಾರ" ಎಂದು ಬರೆದಳು. ಕೆಳಗೆ "ಯಾರಿಂದ ಕಲಿತಿರಿ" ಎಂಬ ಸಾಲಿತ್ತು. ಅಲ್ಲಿ ಪ್ರಾಮಾಣಿಕವಾಗಿ "ಹಳ್ಳಿಯ ಒಬ್ಬ ಅಜ್ಜಿಯಿಂದ" ಎಂದು ತುಂಬಿದಳು. ಹಳ್ಳಿ ಯಾವುದೆಂದು ಫಾರಂ ಕೇಳಿರಲಿಲ್ಲ. ಕೊನೆಯ ಸಾಲಿನಲ್ಲಿ ಸಸ್ಯಾಹಾರ ಮಾತ್ರ ಎಂದು ಅಚ್ಚಾಗಿತ್ತು. ಕೋಳಿಯ ಬದಲು ಬದನೆಕಾಯಿ ಹುರಿಯುವುದೆಂದಾಯಿತು.

ಮನೆಗೆ ಬಂದು ತಾಯಿಗೆ ಹೇಳಿದಾಗ ರಮಾಬಾಯಿ ಫಾರಮ್ಮನ್ನು ತಿರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ, ಆದರೂ ಕಾಗದವನ್ನು ನೋಡುವ ರೀತಿ ಇದ್ದೇ ಇರುತ್ತದೆ.

"ಅವ್ವ, ನೀನೂ ಏನರೇ ಮಾಡು. ನಿಮ್ಮ ಕಾಲದ್ದು."

"ನಮ್ಮ ಅಡಗಿ ಮರೆತಿಲ್ಲಲ್ಲ," ಎಂದಳು ರಮಾಬಾಯಿ. "ಯಾರೂ ಕೇಳಿಲ್ಲ, ಅಷ್ಟೇ."

ಸ್ಪರ್ಧೆಯ ದಿನ ಕಲ್ಯಾಣ ಮಂಟಪದಲ್ಲಿ ಉದ್ದಕ್ಕೆ ಮೇಜು ಜೋಡಿಸಿದ್ದರು. ತೀರ್ಪುಗಾರರ ಮುಂದೆ ನಡೆದು ಬಂದವರು ಬಳಗದ ಅಧ್ಯಕ್ಷ ದೌಲತರಾಯರು. ಇತಿಹಾಸ ಕಲಿಸಿ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ನಿಂಬರ್ಗಾದ ದೊಡ್ಡ ವಾಡೆಮನೆ ಅವರದು, ಊರ ಸುತ್ತಿನ ಕಪ್ಪು ನೆಲದಲ್ಲಿ ಅರ್ಧ ಅವರದು. ಶುಭ್ರ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ನಿಧಾನದ ಮಾತು. ಪ್ರತಿ ಮೇಜಿನಲ್ಲಿ ಚಮಚದ ತುದಿಯಿಂದ ಇಷ್ಟೇ ಇಷ್ಟು ಮುಟ್ಟಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕರಿಖಾರದ ಮುಂದೆ ಮಾತ್ರ ಚಮಚ ಎರಡನೆಯ ಸಲ ಕೆಳಗಿಳಿಯಿತು. ಮೂರನೆಯ ಸಲ ಅವರು ರೊಟ್ಟಿ ಕೇಳಿದರು.

ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಂಚು ಒದ್ದೆಯಾಗಿತ್ತು. ಅದು ಖಾರಕ್ಕೆ ಬಂದ ನೀರೆಂದು ಯಶೋಧರಾ ತಿಳಿದಳು. ಅವರು ಮೈಕು ತರಿಸಿದರು.

"ಈ ಬಣ್ಣ ನೋಡ್ರಿ. ಇದು ಗುರೆಳ್ಳಿನ ಬಣ್ಣ. ಸಣ್ಣ ಉರಿ ಮ್ಯಾಲ ಹುರದ ಗುರೆಳ್ಳು. ಇದು ನಮ್ಮ ಅಜ್ಜಿ ಕೈಯಾಗಿನ ಅಡಗಿ. ನಮ್ಮ ವಾಡೇದಾಗ ಎಳ್ಳಮಾಸಿ ಹಬ್ಬಕ್ಕ ಮಾಡತಿದ್ರು. ಐವತ್ತು ವರ್ಷದ ಮ್ಯಾಲ ಈ ರುಚಿ ಇವತ್ತ ಸಿಕ್ಕದ ನಂಗ."

ಯಶೋಧರಾ ಮೆಲ್ಲಗೆ ಹೇಳಿದಳು, "ಸರ್, ಇದರಾಗ ಗುರೆಳ್ಳು ಇಲ್ರಿ."

ಅವರು ಮುಗುಳ್ನಕ್ಕರು. "ಇರಲಿ ಇರಲಿ, ಗುಟ್ಟು ಹೇಳಬ್ಯಾಡ್ರಿ. ನಮ್ಮ ಅಜ್ಜಿನೂ ಯಾರಿಗೂ ಹೇಳತಿರಲಿಲ್ಲ."

"ಖರೇನೇ ಇಲ್ರಿ ಸರ್. ಇದು ಬ್ಯಾರೆ ದೇಶದ—"

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಮೊದಲ ಬಹುಮಾನ ಕರಿಖಾರಕ್ಕೆ ಬಂತು. ಶಾಲು ಹೊದಿಸಿದರು, ಒಂದು ಮಿಕ್ಸರ್ ಕೊಟ್ಟರು. ಕಲ್ಲಿನಲ್ಲಿ ಅರೆದ ಪರಂಪರೆಯನ್ನು ಉಳಿಸಿಕೊಂಡದ್ದಕ್ಕೆ ಮಿಕ್ಸರ್ ಎಂದು ಮೈಕಿನಲ್ಲಿ ಹೇಳಿದರು. ಯಾರೂ ನಗಲಿಲ್ಲ.

ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದ ರಮಾಬಾಯಿ ಮನೆಗೆ ಬರುವ ತನಕ ತಡೆದುಕೊಂಡಿದ್ದಳು. ಬಾಗಿಲು ಹಾಕಿದ ಮೇಲೆ ಗೋಡೆಗೆ ಒರಗಿ ಕುಳಿತು ನಕ್ಕಳು.

"ಆ ಅಜ್ಜಿನ್ನ ನಾ ನೋಡೇನಿ. ನಮ್ಮವ್ವ ಆ ವಾಡೇದ ಅಂಗಳದಾಗ ಖಾರ ಕುಟ್ಟತಿದ್ಲು. ನಾ ಬಾಜೂಕ ಕೂಡತಿದ್ದೆ, ಎಂಟು ವರ್ಷದಾಕಿ. ಮುದುಕಿ ಬಾಯಾಗ ಒಂದು ಹಲ್ಲಿರಲಿಲ್ಲ. ಖಾರದ ಗಾಳಿ ಬಂದ್ರ ಬಿಕ್ಕತಿದ್ಲು. ಕಟ್ಟಿ ಮ್ಯಾಲ ಕುಂತು ಹಾಲಾಗ ನುಚ್ಚು ಕಲಸ್ಕೊಂಡು ಉಣ್ಣಾಕಿ. ದೂರ ಕುಟ್ರಿ, ದೂರ ಕುಟ್ರಿ ಅಂತ ನಮ್ಮವ್ವಗ ಬೈಯಾಕಿ."

"ಹಂಗಾರ ಸರ್ ಸುಳ್ಳು ಹೇಳಿದ್ರೇನು?" ಎಂದ ದಿಲೀಪ.

ಯಶೋಧರಾ ಯೋಚಿಸಿದಳು. ಆ ಒದ್ದೆ ಕಣ್ಣು ಸುಳ್ಳಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಸುಳ್ಳುಗಾರನಾಗಿದ್ದರೆ ಎದುರು ನಿಂತು ಹೇಳಬಹುದಿತ್ತು.

ಮರುವಾರ ಪತ್ರಿಕೆಯ ಒಳಪುಟದಲ್ಲಿ ಅವಳ ಚಿತ್ರ ಬಂತು. ಅಲ್ಲಿಂದ ಮುಂದೆ ಜನರಿಗೆ ನೆನಪು ಬರತೊಡಗಿತು. ಹೆಡ್‌ಮಾಸ್ತರರಿಗೆ ಅವರ ಸೋದರತ್ತೆ ಮಾಡುತ್ತಿದ್ದದ್ದು ನೆನಪಾಯಿತು. ಜೇವರ್ಗಿ ತಾಲೂಕಿನ ಕೊಳಕೂರಿನವರೊಬ್ಬರು ಪತ್ರಿಕೆಗೆ ಪತ್ರ ಬರೆದು, ಕರಿಖಾರ ಮೂಲತಃ ಕೊಳಕೂರಿನದೆಂದೂ, ಅಲ್ಲಿಯ ಹೆಣ್ಣುಮಕ್ಕಳನ್ನು ಆಳಂದದ ಕಡೆ ಕೊಟ್ಟಾಗ ಅದು ಅತ್ತ ಹೋಯಿತೆಂದೂ ಸಾಧಿಸಿದರು. ಆಳಂದದವರು ಸುಮ್ಮನಿರಲಿಲ್ಲ. ಎರಡು ವಾರ ಎರಡೂ ತಾಲೂಕಿನವರು ಪತ್ರದ ಮೇಲೆ ಪತ್ರ ಬರೆದರು. ಗಾಣಗಾಪುರದ ಒಂದು ಖಾನಾವಳಿಯವರು "ಇಲ್ಲಿ ಅಸಲಿ ಕರಿಖಾರ ಸಿಗುತ್ತದೆ" ಎಂದು ಹಲಗೆ ಹಾಕಿದರು. ವಜೀರುನ್ನಿಸಾ ಹೋಗಿ ತಿಂದು ಬಂದಳು. ಗುರೆಳ್ಳಿನ ಚಟ್ನಿಪುಡಿಗೆ ಎಣ್ಣೆ ಕಲಸಿ ಕೊಡುತ್ತಾರೆ ಎಂದಳು. ಅಲ್ಲಿ ಉಂಡು ಬಂದ ಸಹಶಿಕ್ಷಕರೊಬ್ಬರು ಯಶೋಧರಾಗೆ ಸಲಹೆ ಕೊಟ್ಟರು: "ಅವರದು ಅಸಲಿ ಅನಸ್ತದ್ರಿ, ಮೇಡಂ. ನಿಮ್ಮದರಾಗ ಏನೋ ಜರಾ ಸಿಹಿ ಬರ್ತದ."

ಇದನ್ನು ಇಲ್ಲಿಗೆ ನಿಲ್ಲಿಸಬೇಕೆಂದು ಯಶೋಧರಾ ಆ ಮುದುಕಿಯ ವಿಡಿಯೋವನ್ನೇ ದೌಲತರಾಯರಿಗೆ ಕಳಿಸಿದಳು. ಕೆಳಗೆ, ನಾನು ಕಲಿತದ್ದು ಇವರಿಂದ, ಇದು ಮೆಕ್ಸಿಕೋ ದೇಶದ ಅಡುಗೆ, ತಪ್ಪು ತಿಳಿವಳಿಕೆಗೆ ಕ್ಷಮೆ ಇರಲಿ ಎಂದು ಬರೆದಳು. ಸಂಜೆ ಅವರೇ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಭ್ರಮವಿತ್ತು.

"ನೋಡಿದೆರಿ, ಪೂರಾ ನೋಡಿದೆ. ಆ ಮುದುಕಿ ಮಾರಿ ನೋಡಿದ್ರೇನು? ನಮ್ಮ ಕಡಿಯಾಕಿ ಹಂಗೇ ಇದ್ದಾಳ. ಒಲಿ ಹಂಗೇ, ರೊಟ್ಟಿ ಹಂಗೇ. ಇದರ ಅರ್ಥ ಏನು? ಇಲ್ಲಿಂದ ಅಲ್ಲಿಗೆ ಹೋಗ್ಯದ."

"ಸರ್, ಮೆಣಸಿನಕಾಯಿನೇ ಅಲ್ಲಿಂದ ಇಲ್ಲಿಗೆ ಬಂದದ್ರಿ. ಶೇಂಗಾನೂ ಆ ಕಡಿದೇ, ಟಮಾಟಿನೂ. ನಾನು ಎಂಟನೇ ಕ್ಲಾಸಿಗೆ ಇದನ್ನೇ ಪಾಠ ಮಾಡ್ತೇನಿ."

"ನೀವು ವಿಜ್ಞಾನದವರು," ಎಂದರು ದೌಲತರಾಯರು ಮೃದುವಾಗಿ. "ಇತಿಹಾಸ ನನಗ ಬಿಡ್ರಿ. ಇನ್ನೊಂದು ಮಾತು. ಬಳಗದ ವತಿಯಿಂದ ಒಂದು ವಿಡಿಯೋ ಮಾಡೋರಿದ್ದೇವಿ. ನಮ್ಮ ವಾಡೇದ ಅಡಗಿಮನ್ಯಾಗ ನೀವು ಕರಿಖಾರ ಮಾಡಬೇಕು. ನಿಮ್ಮ ತಾಯಿಯವರು ನಮ್ಮ ಊರವರೇ ಅಂತಲ್ಲ, ಅವರನ್ನೂ ಕರಕೊಂಡು ಬರ್ರಿ. ಹಳೇ ಮಂದಿ, ಅವರಿಗೂ ನೆನಪಿರ್ತದ."

ಯಶೋಧರಾ ಬರುವುದಿಲ್ಲ ಎನ್ನುವವಳಿದ್ದಳು. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ರಮಾಬಾಯಿ ಅವಳ ಮೊಣಕೈ ಹಿಡಿದಳು.

"ಬರ್ತೇವಿ ಅನ್ನು."

"ಅವ್ವ, ಅದು ಖರೇ ಅಲ್ಲ."

"ಖರೇದು ಆಮೇಲೆ ನೋಡೋಣು. ಆ ಅಡಗಿಮನಿ ಹೊಗಿ ಹೆಂಗಿರ್ತದಂತ ಗೊತ್ತದ ನಂಗ. ಒಲಿ ಎಲ್ಲದ ಅಂತ ಗೊತ್ತಿಲ್ಲ. ಒಮ್ಮೆ ನೋಡಿ ಬರ್ತೇನಿ."

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ತಾಯಿ ಮಗಳು ನಿಂಬರ್ಗಾಕ್ಕೆ ಹೊರಟರು. ರಮಾಬಾಯಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಯಶೋಧರಾಳ ಚೀಲದಲ್ಲಿ ಹುರಿದ ಮೆಣಸಿನಕಾಯಿ ಡಬ್ಬಿಯ ಕೆಳಗೆ, ಕರವಸ್ತ್ರದಲ್ಲಿ ಸುತ್ತಿದ ಒಂದು ಚಾಕಲೇಟು ಇತ್ತು. ಅದನ್ನು ಕ್ಯಾಮೆರಾದ ಮುಂದೆ ಹೇಗೆ ತೆಗೆಯುವುದೆಂಬ ಚಿಂತೆ ಅವಳಿಗೆ ದಾರಿಯುದ್ದಕ್ಕೂ ಇತ್ತು.

ವಾಡೆಯ ದೊಡ್ಡ ಬಾಗಿಲಲ್ಲಿ ದೌಲತರಾಯರೇ ನಿಂತಿದ್ದರು. ರಮಾಬಾಯಿಯ ಕಾಲು ಅಭ್ಯಾಸದಿಂದ ಪಕ್ಕದ ದನದ ಬಾಗಿಲಿನ ಕಡೆ ತಿರುಗಿತು.

"ಈ ಕಡಿ ಬರ್ರಿ ರಮಾಬಾಯಿ. ಒಳಗ ಬರ್ರಿ. ಈಗ ಕಾಲ ಬದಲಾಗ್ಯದ," ಎಂದರು ದೌಲತರಾಯರು.

ಬಳಗದ ಕಾರ್ಯದರ್ಶಿ ಶಾಂತಕುಮಾರ, ಕಾಲೇಜಿನ ಉಪನ್ಯಾಸಕ, ಅಷ್ಟು ಹೊತ್ತಿಗೆ ಫೋನನ್ನು ಕೋಲಿಗೆ ಸಿಕ್ಕಿಸುತ್ತಿದ್ದ. ಅವನು ಸಿದ್ಧನಾದ ಮೇಲೆ ದೌಲತರಾಯರು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ರಮಾಬಾಯಿಯೂ ಹೊರಗೆ ಹೋಗಿ ಇನ್ನೊಮ್ಮೆ ಒಳಗೆ ಬಂದಳು.

ಅಡುಗೆಮನೆಯಲ್ಲಿ ದೌಲತರಾಯರ ಹೆಂಡತಿ ಗಂಗಾಬಾಯಿ ಕಾಯುತ್ತಿದ್ದಳು. ಅರವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ರಮಾಬಾಯಿ ಹೊಸ್ತಿಲಲ್ಲಿ ನಿಂತು ಗೋಡೆಗಳನ್ನು, ಮಾಡನ್ನು, ಗ್ಯಾಸಿನ ಒಲೆಯನ್ನು, ಮೂಲೆಯಲ್ಲಿ ಮಸಿ ಹಿಡಿದ ಹಳೆಯ ಕಟ್ಟಿಗೆ ಒಲೆಯನ್ನು ಸಾವಕಾಶ ನೋಡಿದಳು. ಆಮೇಲೆ ಮಗಳ ಕಿವಿಯಲ್ಲಿ, "ಇಷ್ಟೇ ಏನು? ಕತ್ತಲಿ ಅದ. ನಮ್ಮ ಕಿಡಕಿನೇ ದೊಡ್ಡದದ," ಎಂದಳು.

ಕೆಲಸ ಶುರುವಾಯಿತು. ಯಶೋಧರಾ ಎಳ್ಳು ಹುರಿದಳು, ಶೇಂಗಾ ಹುರಿದಳು. ಶಾಂತಕುಮಾರ ಚಿತ್ರ ತೆಗೆಯುತ್ತಿದ್ದ. ದೌಲತರಾಯರು ಒಲೆಯ ಪಕ್ಕದಲ್ಲಿ ನಿಂತು ತಮ್ಮ ಅಜ್ಜಿ ಪ್ರತಿಯೊಂದನ್ನೂ ಹೇಗೆ ಹುರಿಯುತ್ತಿದ್ದಳೆಂದು ವಿವರಿಸುತ್ತಿದ್ದರು. ಅಚ್ಚರಿಯೆಂದರೆ, ಯಶೋಧರಾ ಏನು ಮಾಡುತ್ತಿದ್ದಳೋ ಅಜ್ಜಿಯೂ ಅದನ್ನೇ ಮಾಡುತ್ತಿದ್ದಳು. ಸಾಸು ಕುದಿಗೆ ಬಂತು. ಇನ್ನು ಉಳಿದದ್ದು ಚಾಕಲೇಟು. ಯಶೋಧರಾ ಚೀಲದೊಳಗೆ ಕೈಹಾಕಿ ಹಾಗೇ ನಿಂತಳು.

ಗಂಗಾಬಾಯಿ ಅದನ್ನು ಕಂಡಳು. "ರೀ," ಎಂದಳು ಗಂಡನಿಗೆ, "ಶಾಂತಕುಮಾರನ್ನ ಕರಕೊಂಡು ಪಡಸಾಲಿಗೆ ಹೋಗ್ರಿ. ಚಾ ಇಟ್ಟೇನಿ. ಹೊಗಿಗೆ ನಿಮಗ ಕೆಮ್ಮ ಬರಾಕತ್ತದ."

ಗಂಡಸರು ಹೋದರು. ಗಂಗಾಬಾಯಿ ಎದ್ದು ಸೆರಗಿನ ಬೀಗದ ಕೈಯಿಂದ ಕಪಾಟು ತೆಗೆದು, ಬೆಲ್ಲದ ಡಬ್ಬಿಯ ಹಿಂದಿನಿಂದ ಒಂದು ಸಣ್ಣ ತಗಡಿನ ಡಬ್ಬಿ ಎತ್ತಿ ಯಶೋಧರಾಳ ಮುಂದೆ ಇಟ್ಟಳು. ಅದು ಕೋಕೋ ಪುಡಿ.

"ಇದು ಹಾಕ್ರಿ. ಚಾಕ್ಲೇಟಿನಾಗ ಸಕ್ಕರಿ ಭಾಳ ಇರ್ತದ. ಸ್ಪರ್ಧೇದ ದಿವ್ಸ ನಾನೂ ಬಂದು ತಿಂದಿದ್ದೆ, ನಿಮ್ಮದು ಜರಾ ಸಿಹಿ ಆಗಿತ್ತು."

ಯಶೋಧರಾ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

"ಎರಡು ಜಡಿ ಮುದುಕಿ," ಎಂದಳು ಗಂಗಾಬಾಯಿ. "ನಾನೂ ಆಕಿನ್ನ ನೋಡ್ತೇನಿ. ಒಂದು ವರ್ಷ ಆತು. ಮಧ್ಯಾಹ್ನ ಇವರು ಮಲಗಿದ ಮ್ಯಾಲ."

"ಮತ್ತ ಅವತ್ತೇ ಯಾಕ ಹೇಳಲಿಲ್ರಿ ಅಕ್ಕಾರ?"

"ಯಾರಿಗೆ ಹೇಳಲಿ? ಮೂರು ತಿಂಗಳ ಹಿಂದ ನಾನೇ ಇದನ್ನ ಮಾಡಿ ಬಡಿಸಿದ್ದೆ. ಯಾವ ದೇಶದ್ದಿದು ಅಂದ್ರು. ಖರೇ ಹೇಳಿದೆ. ತಾಟು ಸರಿಸಿ ಎದ್ದು ಹೋದ್ರು. ಅದೇ ಅಡಗಿ ಅವತ್ತ ಅಜ್ಜಿದು ಅಂತ ಮೂರು ಸಲ ಹಾಕಿಸ್ಕೊಂಡ್ರು. ಇರಲಿ ಬಿಡ್ರಿ. ಇನ್ನ ಮ್ಯಾಲ ನಂಗೂ ಮಾಡಾಕ ಬರ್ತದಲ್ಲ, ಅವರ ಅಜ್ಜಿ ಹೆಸರಿಲೆ."

ರಮಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಗಾಬಾಯಿ ಅವಳ ಕಡೆ ನೋಡಿದಳು. ಇಬ್ಬರೂ ಶಬ್ದವಿಲ್ಲದೆ, ಮೈ ಕುಲುಕುವಂತೆ ನಕ್ಕರು. ಯಶೋಧರಾ ಎರಡು ಚಮಚ ಕೋಕೋ ಹಾಕಿ ತಿರುವಿದಳು. ನಿಜಕ್ಕೂ ರುಚಿ ಮೊದಲಿಗಿಂತ ಹೆಚ್ಚಿತು.

ಊಟ ಪಡಸಾಲೆಯಲ್ಲಿ. ಎಲ್ಲರಿಗೂ ಸಾಲಾಗಿ ತಾಟು ಇಟ್ಟಿದ್ದರು, ರಮಾಬಾಯಿಯದು ದೌಲತರಾಯರ ಪಕ್ಕದಲ್ಲೇ, ಎರಡೂ ಚಿತ್ರದಲ್ಲಿ ಬರುವ ಹಾಗೆ. ದೌಲತರಾಯರು ಎರಡು ರೊಟ್ಟಿ ಮುಗಿಸಿ, ಶಾಂತಕುಮಾರನಿಗೆ ಸನ್ನೆ ಮಾಡಿ, ರಮಾಬಾಯಿಯ ಕಡೆ ತಿರುಗಿದರು.

"ಹೇಳ್ರಿ ರಮಾಬಾಯಿ. ನೀವು ಸಣ್ಣಾಕಿ ಇದ್ದಾಗ ಈ ವಾಡೇಕ ಬರತಿದ್ರಿ. ಎಳ್ಳಮಾಸಿ ದಿವ್ಸ ಇದರ ವಾಸನಿ ಅಂಗಳ ತುಂಬ ಬರತಿತ್ತು. ಹೌದಿಲ್ರಿ?"

ರಮಾಬಾಯಿ ಬಾಯೊಳಗಿನ ತುತ್ತನ್ನು ಪೂರ್ತಿ ನುಂಗಿ, ನೀರು ಕುಡಿದಳು.

"ಒಳಗ ಏನ್ ಕುದಿತಿತ್ತೋ ಹೊರಗ ಕುಂತವರಿಗೆ ಹೆಂಗ ಗೊತ್ತಾಗ್ತದ್ರಿ," ಎಂದಳು, ಬೇಸರವಿಲ್ಲದ ದನಿಯಲ್ಲಿ. "ನಾವು ಖಾರ ಕುಟ್ಟಿ ಹೊಸ್ತಿಲ ಮ್ಯಾಲ ಇಟ್ಟು ದೂರ ಸರಿತಿದ್ವಿ. ಒಳಗಿನವರು ಬಂದು ನೀರು ಚಿಮಕಿಸಿ ಒಯ್ಯತಿದ್ರು. ಆಮೇಲೆ ಅದರ ಏನ್ ಮಾಡತಿದ್ರೋ ನಿಮಗೇ ಗೊತ್ತು. ನೀವು ಒಳಗಿದ್ರಿ, ನಾನು ಇರಲಿಲ್ಲ."

ದೌಲತರಾಯರು ತಾಟಿನ ಅಂಚಿನಲ್ಲಿದ್ದ ರೊಟ್ಟಿಯ ಚೂರನ್ನು ಸರಿಸಿ, ಮತ್ತೆ ಅದೇ ಜಾಗಕ್ಕೆ ತಂದರು. ಗಂಗಾಬಾಯಿ ಎದ್ದು ರಮಾಬಾಯಿಯ ತಾಟಿಗೆ ಇನ್ನೊಂದು ಸೌಟು ಹಾಕಿದಳು. ಶಾಂತಕುಮಾರ ಕೋಲಿನ ತುದಿಯಿಂದ ಫೋನನ್ನು ಬಿಚ್ಚಿ, ಬೆಳಕು ಸರಿ ಇಲ್ಲ ಎಂದು ಕಿಟಕಿಯ ಕಡೆ ಹೋದ.

ಎಂಟು ದಿನಕ್ಕೆ ವಿಡಿಯೋ ಬಂತು. ಅದರಲ್ಲಿ ರಮಾಬಾಯಿ ದೊಡ್ಡ ಬಾಗಿಲಿನಿಂದ ಒಳಗೆ ಬಂದಳು, ಪಡಸಾಲೆಯಲ್ಲಿ ಕುಳಿತು ಉಂಡಳು, ನೀರು ಕುಡಿದಳು. ಮಾತು ಬರುವಲ್ಲಿ ಕೊಳಲಿನ ದನಿ ಹಾಕಿದ್ದರು. ಕೆಳಗೆ ಅಕ್ಷರಗಳು ಮೂಡಿದವು: "ಕರಿಖಾರದ ಸವಿಯನ್ನು ನೆನೆದು ಭಾವುಕರಾದ ಊರಿನ ಹಿರಿಯರು."

ಯಶೋಧರಾ ಅಂದು ಶಾಲೆಗೆ ಹೋಗಲಿಲ್ಲ. ರಜೆ ಚೀಟಿಯಲ್ಲಿ "ಮನಸ್ಸು ಸರಿ ಇಲ್ಲ" ಎಂದು ಬರೆದು ಕಳಿಸಿದಳು. ತಾಯಿಗೆ ಆ ಅಕ್ಷರಗಳನ್ನು ಓದಿ ಹೇಳಿದಳು. ರಮಾಬಾಯಿ ಫೋನನ್ನು ಕೈಗೆ ತೆಗೆದುಕೊಂಡು ತನ್ನನ್ನೇ ಇನ್ನೊಮ್ಮೆ ನೋಡಿದಳು.

"ಸೀರಿ ಚಲೋ ಕಾಣ್ತದ," ಎಂದಳು. ಆಮೇಲೆ, "ನಾ ಅಂದದ್ದು ಅವರು ಕೇಳ್ಯಾರ. ಮಂದಿ ಕೇಳಲಿಲ್ಲ, ಅಷ್ಟೇ. ಕೇಳಬೇಕಾದವರು ಕೇಳ್ಯಾರಲ್ಲ," ಎಂದು ಫೋನು ಹಿಂದಕ್ಕೆ ಕೊಟ್ಟಳು.

ಮುಂದಿನ ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸಪ್ಪಳವಾಯಿತು. ಗಂಗಾಬಾಯಿ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಒಂದು ನೋಟುಬುಕ್ಕು. ಗಾಣಗಾಪುರಕ್ಕೆ ಹೋಗಿ ಬರುತ್ತೇನೆಂದು ಹೇಳಿ ಹೊರಟವಳು ಅಫಜಲಪುರದಲ್ಲಿ ಬಸ್ಸು ಇಳಿದಿದ್ದಳು. ಬುದ್ಧನ ಫೋಟೋ ತೂಗುಹಾಕಿದ ಗೋಡೆಯ ಕೆಳಗೆ, ಚಾಪೆಯ ಮೇಲೆ ಕಾಲು ಮಡಚಿ ಕುಳಿತು, ರಮಾಬಾಯಿ ಕೊಟ್ಟ ನೀರು ಕುಡಿದಳು. ವಿಡಿಯೋದ ವಿಷಯವನ್ನು ಅವಳೇ ಎತ್ತಿದಳು.

"ಆ ಮಾತು ತೆಗಿಬ್ಯಾಡ್ರಿ ಅಂತ ನಾ ಅಂದೆ. ಕೇಳಲಿಲ್ಲ," ಎಂದಳು. ಕ್ಷಮೆ ಕೇಳಿದಳೆಂದು ಹೇಳಲಾಗದು, ಆದರೆ ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಬಳಿಕ, "ಆಗ ನೀವು ನಿಮ್ಮ ಮನ್ಯಾಗ ಏನ್ ಮಾಡ್ಕೊಂಡು ಉಣ್ಣತಿದ್ರಿ?" ಎಂದು ಕೇಳಿದಳು.

ರಮಾಬಾಯಿಗೆ ಆ ಪ್ರಶ್ನೆಯನ್ನು ಅರವತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ಹೇಳುವ ಬದಲು ಎದ್ದು ಒಲೆ ಹಚ್ಚಿದಳು. ಬದುವಿನ ಮೇಲೆ ತಾನಾಗಿ ಹುಟ್ಟುವ ಸೊಪ್ಪು ಅಂದು ಸಂತೆಯಲ್ಲಿ ಸಿಕ್ಕಿತ್ತು. ಅದಕ್ಕೆ ತೊಗರಿ ಒಡೆದಾಗ ಉಳಿಯುವ ನುಚ್ಚು ಹಾಕಿ ಕುದಿಸಿದಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕಲ್ಲುಪ್ಪನ್ನು ಜಜ್ಜಿ, ಜೋಳದ ಹಿಟ್ಟು ಕದಡಿ ಹೊಯ್ದಳು. ಗಂಗಾಬಾಯಿ ಉಂಡು, ಮತ್ತೆ ಹಾಕಿಸಿಕೊಂಡು, ನೋಟುಬುಕ್ಕು ತೆರೆದಳು.

"ಇದಕ್ಕ ಏನಂತ ಹೆಸರು?"

"ಹೆಸರಿಲ್ರಿ. ಇದ್ದದ್ದು ಹಾಕಿ ಕುದಿಸೋದು," ಎಂದಳು ರಮಾಬಾಯಿ. "ಬರಿಲೇಬೇಕಂದ್ರ ನಮ್ಮವ್ವನ ಹೆಸರು ಬರಿರಿ. ಚಂದಮ್ಮ ಅಂತ. ನಿಮ್ಮ ಮನಿ ಅಜ್ಜಿ ಹೆಸರಿಗೆ ಹಾಕಬ್ಯಾಡ್ರಿ."

ಗಂಗಾಬಾಯಿ ಅಕ್ಷರ ಕೂಡಿಸಿ ಕೂಡಿಸಿ ಹಾಗೆಯೇ ಬರೆದಳು. ಸಂಜೆಯ ಬಸ್ಸಿಗೆ ಯಶೋಧರಾ ಅವಳನ್ನು ಹತ್ತಿಸಿ ಬಂದಳು.

ಭಾನುವಾರ ಗಂಗಾಬಾಯಿಯಿಂದ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಹಿನ್ನೆಲೆಯಲ್ಲಿ ಪಾತ್ರೆಯ ಸಪ್ಪಳವಿತ್ತು, ದನಿ ಪಿಸುಗುಟ್ಟುವಂತಿತ್ತು. "ಯಶೋಧರಾ, ಅವ್ವಗ ಹೇಳ್ರಿ. ಇವತ್ತ ಚಂದಮ್ಮನ ಅಡಗಿ ಮಾಡಿದ್ದೆ. ನಮ್ಮ ಮನಿಯವರು ಉಂಡ್ರು. ಚಲೋ ಅದ ಅಂದ್ರು. ಆದ್ರ ಇದು ನಮ್ಮ ಕಡಿದಲ್ಲ, ಯಾವುದೋ ಫಾರಿನ್ ಅಡಗಿ ಇದ್ದಂಗದ, ಫೋನಿನಾಗ ನೋಡಿ ಇಂಥಾವೆಲ್ಲ ಕಲಿಬ್ಯಾಡ ಅಂದ್ರು."

ರಮಾಬಾಯಿ ಅದನ್ನು ಎರಡು ಸಲ ಹಾಕಿಸಿ ಕೇಳಿದಳು. ಮೂರನೆಯ ಸಲ ಚಾಂದಬೀಯನ್ನೂ ಕರೆದು ಕೇಳಿಸಿದಳು.